ಹೆಸರು ಹೇಳುವ ಹಾರ್ನು

ನಮ್ಮ ಮಾಮಾ, ಅಂದರೆ ನಮ್ಮ ಅವ್ವನ ತಮ್ಮ, ಬಾಯಿ ಇದ್ದೂ ಮಾತಾಡದ ಮನುಷ್ಯ ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ! ಅವರು ಮಾತಾಡುತ್ತಾರೆ, ಧಾರಾಳವಾಗಿಯೇ ಮಾತಾಡುತ್ತಾರೆ. ಆದರೆ ಹಾರ್ನಿನಲ್ಲಿ!

ಅವರದು ದೂರದ ಪ್ರಯಾಣಕ್ಕೆಂದೇ ಮಾಡಿದ, ಹಳೆಯ ಕಾಲದ ದೊಡ್ಡ ಮೋಟಾರ್ ಸೈಕಲ್. ಮುಂದೆ ಗಾಳಿ ತಡೆಯುವ ಗಾಜು, ಹಿಂದೆ ಎರಡೂ ಮಗ್ಗಲಿಗೆ ಚೀಲ. ಬೀಜದ ಏಜೆಂಟರಾಗಿ ಇಂಡಿಯಿಂದ ಸಿಂದಗಿ, ಅಲ್ಲಿಂದ ಮುದ್ದೇಬಿಹಾಳ, ಬರುವಾಗ ಬಸವನ ಬಾಗೇವಾಡಿ ಎಂದು ಸುತ್ತುವ ಅವರಿಗೆ ಆ ಗಾಡಿಯೇ ಅಂಗಡಿ, ಗಾಡಿಯೇ ಗೆಳೆಯ. ಅದರ ಹಾರ್ನು ಮಾತ್ರ 'ಪೀಂಯ್' ಎನ್ನುತ್ತಿತ್ತು. ಅಷ್ಟು ದೊಡ್ಡ ಮೈಗೆ ಅಷ್ಟು ಸಣ್ಣ ದನಿ! ಪೈಲ್ವಾನನಿಗೆ ನೆಗಡಿಯಾದ ಹಾಗೆ.

ಆ ಪೀಂಯ್‌ನಲ್ಲಿ ಮಾಮಾ ಏನೇನು ಹೇಳುತ್ತಿದ್ದರು ಗೊತ್ತೇ? ಚಹಾದ ಅಂಗಡಿಯ ಮುಂದೆ ಗಿಡ್ಡಗೆ ಒತ್ತಿದರೆ ಸಕ್ಕರೆ ಕಡಿಮೆ ಹಾಕು ಎಂದರ್ಥ. ಉದ್ದಕ್ಕೆ ಎಳೆದರೆ ಜೊತೆಗೆ ಯಾರೋ ಇದ್ದಾರೆ, ಇನ್ನೊಂದು ಕಪ್ಪು ತಾ ಎಂದರ್ಥ. ಒಮ್ಮೆ ಲಚ್ಯಾಣದಲ್ಲಿ ಬೀಗರೊಬ್ಬರು ತೀರಿಕೊಂಡಾಗ ಮಾತಾಡಿಸಿ ಬರಲು ಹೋದ ಮಾಮಾ, ಬಾಗಿಲ ಮುಂದೆ ಗಾಡಿ ನಿಲ್ಲಿಸಿ ಮೆಲ್ಲಗೆ, ಭಾರಿ ಸಂಕಟದಿಂದ, ಒಂದು ಪೀಂಯ್ ಎಂದರಂತೆ. ಒಳಗೆ ಅಳುತ್ತಿದ್ದವರು ಕಿಸಕ್ಕನೆ ನಕ್ಕುಬಿಟ್ಟರು! ಸಾವಿನ ಮನೆಯಲ್ಲಿ ನಗುವ ಹಾಗೆ ಮಾಡಿದನೆಂದು ಆ ಬೀಗರ ಮನೆಯವರು ಇವತ್ತಿಗೂ ಮಾಮಾನನ್ನು ಬೈಯುತ್ತಾರೆ.

ಎಲ್ಲಕ್ಕಿಂತ ವಿಶೇಷವಾದದ್ದು ಸಂಜೆಯ ಪೀಂಯ್. ನಮ್ಮ ಎರಡೂ ಮನೆ ಇಂಡಿಯಲ್ಲಿ ಒಂದೇ ಓಣಿಯಲ್ಲಿವೆ. ಓಣಿಯ ಮೂಲೆಯ ಬೇವಿನ ಗಿಡದ ಹತ್ತಿರ ಗಾಡಿ ಹೊರಳುವಾಗ ಮಾಮಾ ಒತ್ತುತ್ತಿದ್ದದ್ದು ನಮ್ಮ ಅತ್ತೆಗಾಗಿ, ಅಂದರೆ ಅವರ ಹೆಂಡತಿಗಾಗಿ. ಅದು ಕೇಳಿದೊಡನೆ ಅತ್ತೆ ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕುವರು. ಮಾಮಾ ಕೈಕಾಲು ತೊಳೆದು ಕೂಡುವಷ್ಟರಲ್ಲಿ ರೊಟ್ಟಿ ಉಬ್ಬಿ ತಾಟಿಗೆ ಬಂದಿರುತ್ತಿತ್ತು. ತಣ್ಣಗಾದ ರೊಟ್ಟಿಯನ್ನು ಮಾಮಾ ಮುಟ್ಟಿದವರಲ್ಲ. ಹೆಂಡತಿಯ ಹೆಸರನ್ನೂ ಅಷ್ಟೇ, ಬಾಯಿಂದ ಮುಟ್ಟಿದವರಲ್ಲ!

"ಏ", "ಇಕಿನ", "ಕೇಳಸ್ತೇನು?" ಅತ್ತೆಗೆ ಮಾಮಾ ಇಟ್ಟ ಹೆಸರುಗಳು ಇಷ್ಟೇ. ನಮ್ಮ ಕಡೆ ಹಿಂದಿನವರು ಗಂಡ ಹೆಂಡಿರು ಒಬ್ಬರ ಹೆಸರು ಒಬ್ಬರು ಹಿಡಿಯುವುದಿಲ್ಲ ನಿಜ. ಅದಕ್ಕೇ ಅಲ್ಲವೇ ಒಡಪು ಇರುವುದು? ಶುಭಕಾರ್ಯದಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಿ, ಅದರಲ್ಲಿ ಗಂಡನದೋ ಹೆಂಡತಿಯದೋ ಹೆಸರು ಸೇರಿಸಿ ಹೇಳಿದರೆ ಮಾತ್ರ ಒಳಗೆ ದಾರಿ. ಅತ್ತೆ ಒಡಪಿನಲ್ಲಿ ಹುಲಿ. ನಿಂತ ನಿಲುವಿನಲ್ಲಿ ಹೊಸದು ಕಟ್ಟಿ ಮಾಮಾನ ಹೆಸರು ಹೇಳುತ್ತಿದ್ದರು. ಮಾಮಾ?

ಮಸೂತಿ ಎಂಬ ಊರಿನಲ್ಲಿ ನನ್ನ ತಮ್ಮನ ಮದುವೆಯಾದಾಗ ನಾವೆಲ್ಲ ಸೇರಿ ಅವರನ್ನು ಬಾಗಿಲಲ್ಲಿ ತಡೆದೆವು.

"ಹೆಸರ ಹೇಳಿ ಒಳಗ ಬರ್ರಿ ಮಾಮಾ!"

"ಯಾರ ಹೆಸರವಾ?"

"ಅತ್ತೀದ್ರಿ! ಮತ್ಯಾರದು?"

ಮಾಮಾ ಗಂಭೀರವಾಗಿ ತಿರುಗಿದರು, ಗಾಡಿಯ ಹತ್ತಿರ ಹೋದರು, ಉದ್ದಕ್ಕೆ ಒತ್ತಿದರು. ಪೀಂ...ಯ್! ತಿರುಗಿ ಬಂದು, "ಹೇಳೀನಿ. ಇನ್ನ ಸರೀರಿ, ಬುಂದೇ ಲಾಡು ಎಲ್ಲೈತಿ?" ಎಂದರು.

ಎಲ್ಲರಿಗಿಂತ ಜೋರಾಗಿ ನಕ್ಕವರು ಅತ್ತೆ. ಆಮೇಲೆ ಅಡಿಗೆಯ ಚಪ್ಪರದಲ್ಲಿ ನನ್ನ ಮಗ್ಗಲಿಗೆ ಕೂತು ಹೇಳಿದರು. "ಎಲ್ಲಾರೂ ನಗತಾರವಾ, ನಾನೂ ನಗತೇನಿ. ಆದ್ರ ಅವರ ಬಾಯಾಗ ನನ್ನ ಹೆಸರ ಹೆಂಗ ಕೇಳಸ್ತೈತಿ ಅನ್ನೂದ ನನಗ ಗೊತ್ತಿಲ್ಲ. ಒಮ್ಮಿ ಕೇಳಬೇಕು ನೋಡು, ಒಮ್ಮಿ."

ನಾನು ಇದನ್ನು ಮಾಮಾನಿಗೆ ಮುಟ್ಟಿಸಿದೆ. "ಹಾರ್ನ್ ಕೇಳಸ್ತೈತಲ್ಲ, ಮತ್ತೇನ ಬೇಕಂತ?" ಎಂದು ಗಾಡಿ ಒರೆಸುತ್ತ ಕೂತರು.

ಹೀಗಿರುವಾಗ ಒಂದು ಸಂಜೆ ಬೇವಿನ ಗಿಡದ ಹತ್ತಿರ ಪೀಂಯ್ ಎಂದರೂ ಹಂಚಿನ ಮೇಲೆ ರೊಟ್ಟಿ ಬಿದ್ದಿರಲಿಲ್ಲ. ಮರುದಿನವೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಹೆಂಡತಿಯ ಕಿವಿ ತೋರಿಸಿಕೊಂಡು ಬರುತ್ತಿದ್ದರು. ಮಾಮಾ ಹಾರ್ನು ತೋರಿಸಿಕೊಂಡು ಬರಲು ಸಿಂದಗಿಗೆ ಹೋದರು!

"ಹಾರ್ನ್ ಛಲೋ ಐತ್ರಿ, ಏನೂ ಆಗಿಲ್ಲ" ಎಂದ ಮೆಕ್ಯಾನಿಕ್.

"ಛಲೋ ಇದ್ರ ಮನ್ಯಾಗ ಯಾಕ ಕೇಳವಲ್ದು? ತಗಿ ಅದನ್ನ. ಜೋಡ ಹಾರ್ನ್ ಹಾಕು!"

ಜೋಡಿ ಹಾರ್ನು ಬಂತು. ಮುದಿ ಗಾಡಿಯ ಬ್ಯಾಟರಿಗೆ ಅದು ತಡೆಯಬೇಕಲ್ಲ? ಹಾರ್ನ್ ಒತ್ತಿದರೆ ಮುಂದಿನ ಲೈಟು ಕಣ್ಣು ಮುಚ್ಚುತ್ತಿತ್ತು. ಕತ್ತಲಾದ ಮೇಲೆ ಮಾಮಾ ಒಂದೋ ಕಾಣುತ್ತಿದ್ದರು, ಇಲ್ಲವೇ ಕೇಳಿಸುತ್ತಿದ್ದರು. ಎರಡೂ ಕೂಡಿ ಸಾಧ್ಯವಿರಲಿಲ್ಲ.

ಮುದ್ದೇಬಿಹಾಳದಲ್ಲಿ ಬ್ಯಾಟರಿ ಬದಲಿಸಿ, ಹಾರ್ನಿಗೆ ನೇರ ಕರೆಂಟು ಕೊಡುವ ರಿಲೇ ಕೂಡಿಸಿ, ಶಂಖದ ಆಕಾರದ ಹೊಸ ಹಾರ್ನ್ ಹಾಕಿಸಿದರು. ಅದರ ದನಿ ಥೇಟ್ ಬಸ್ಸಿನದು. ಊರ ಹೊರಗಿನ ಸ್ಟಾಪಿನಲ್ಲಿ ಕೂತಿದ್ದವರೆಲ್ಲ ಚೀಲ ಎತ್ತಿಕೊಂಡು ಎದ್ದು ನಿಂತರಂತೆ. ಒಬ್ಬ ಮುದುಕಿ ಕೈ ಅಡ್ಡ ಮಾಡಿ, "ತಾಳಿಕೋಟಿಗೆ ಹೋಗ್ತೈತೇನಪಾ?" ಎಂದಳು. ಬಸ್ಸಿನ ದನಿ ಮಾಡಿದ ತಪ್ಪಿಗೆ ಮಾಮಾ ಆಕೆಯನ್ನು ಹಿಂದೆ ಕೂಡಿಸಿಕೊಂಡು ತಾಳಿಕೋಟಿಗೆ ಬಿಟ್ಟು ಬಂದರು! ಆ ಸಂಜೆ ಬೇವಿನ ಗಿಡದ ಹತ್ತಿರ ಶಂಖ ಊದಿದಾಗ ಓಣಿಯ ನಾಯಿಗಳೆಲ್ಲ ಬೊಗಳಿದವು, ಎದುರುಮನೆಯ ಟೇಲರ್ ಕತ್ತರಿ ಬಿಟ್ಟು ಹೊರಗೆ ಬಂದ. ಅತ್ತೆ ನಮಗೆ ಬೆನ್ನು ಮಾಡಿ ಹಿಟ್ಟು ಸಾಣಿಸುತ್ತಲೇ ಇದ್ದರು.

ಕಡೆಗೆ ಲಾರಿಗೆ ಹಾಕುವಂಥ ಗಾಳಿಯ ಹಾರ್ನನ್ನೇ ಕಟ್ಟಿಸಿಕೊಂಡರು. ಬಾಗೇವಾಡಿಯಲ್ಲಿ ಪೊಲೀಸರು ಕೈ ತೋರಿಸಿದರು.

"ಇಷ್ಟ ದೊಡ್ಡ ಹಾರ್ನ್ ಯಾರ ಸಲುವಾಗಿ ಅಜ್ಜಾರ?"

"ಮನ್ಯಾಗಿನವ್ರ ಸಲುವಾಗ್ರಿ."

"ಮನಿ ಎಲ್ಲೈತಿ?"

"ಇಂಡ್ಯಾಗ್ರಿ."

"ಇಲ್ಲಿ ಹೊಡದ್ರ ಇಂಡ್ಯಾಗ ಕೇಳಬೇಕೇನ್ರಿ?"

"ಮನಿ ಮುಂದ ನಿಂತ ಹೊಡದ್ರೂ ಕೇಳವಲ್ದ್ರಿ ಸಾಹೇಬ್ರ."

ಪೊಲೀಸರು ಹಾರ್ನು ಬಿಚ್ಚಿಸಿ ಸುಮ್ಮನೆ ಕಳಿಸಿಕೊಟ್ಟರು. ಇದನ್ನು ಮಾಮಾ ನನಗೆ ಹೇಳುವಾಗ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಕೊನೆಯ ಮಾತಿಗೆ ಬಂದಾಗ ಮಾಮಾ ನಗಲಿಲ್ಲ. ಕೆಟ್ಟದ್ದು ಹಾರ್ನು ಅಲ್ಲವೆಂದು ಅವರಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಗೊತ್ತಿದ್ದೂ ಊರೂರು ತಿರುಗಿ ಹಾರ್ನು ಬದಲಿಸುತ್ತಿದ್ದರು.

ಆಮೇಲೆ ವಿಜಯಪುರದ ಡಾಕ್ಟರ ಹತ್ತಿರ ಹೋಗಿದ್ದೂ ಆಯಿತು. ನರ ಸೋತಿವೆ, ತಡವಾಯಿತು ಎಂದರು. ಕಿವಿಗೆ ಹಾಕುವ ಮಶಿನ್ನಿನಲ್ಲಿ ಅತ್ತೆಗೆ ಬರೀ ಗುಂಯ್ ಎನ್ನುವ ಸದ್ದು. ಅದನ್ನು ತೆಗೆದು ಗೋಡೆಯ ದೇವರ ಮಾಡದಲ್ಲಿ ಇಟ್ಟುಬಿಟ್ಟರು. ಮಾಮಾ ಗಾಡಿಗೆ ಹಳೆಯ ಪೀಂಯ್ ಹಾರ್ನನ್ನೇ ತಿರುಗಿ ಹಾಕಿಸಿದರು. ಅತ್ತೆ ಸಂಜೆ ರೊಟ್ಟಿ ಮಾಡಿಟ್ಟು, ಕಟ್ಟೆಯ ಮೇಲೆ ಕೂತು ಬೇವಿನ ಗಿಡದ ಕಡೆ ನೋಡುತ್ತಾರೆ. ಗಾಡಿ ಹೊರಳಿದ್ದು ಕಣ್ಣಿಗೆ ಬಿದ್ದಾಗ ಏಳುತ್ತಾರೆ. ಅಷ್ಟರಲ್ಲಿ ರೊಟ್ಟಿ ತಣ್ಣಗಾಗಿರುತ್ತದೆ. ಮಾಮಾ ಅದನ್ನೇ ಉಣ್ಣುತ್ತಾರೆ.

ಮೊನ್ನೆ ನನ್ನ ತಮ್ಮನ ಮಗಳಿಗೆ ಹೆಸರಿಡುವ ಕಾರ್ಯ ನಮ್ಮ ಮನೆಯಲ್ಲೇ ಆಯಿತು. ಸೋದರತ್ತೆಯಾದ ನಾನು ಕೂಸಿನ ಕಿವಿಗೆ ಬಾಯಿ ಹಚ್ಚಿ "ಕುರ್ರ್" ಎಂದು, ಆಮೇಲೆ ಹೆಸರು ಹೇಳಿದೆ. ಪದ್ಧತಿಯಂತೆ ಹೆಂಗಸರೆಲ್ಲ ನನ್ನ ಬೆನ್ನಿಗೆ ಗುದ್ದಿದರು. ಅತ್ತೆ ತೊಟ್ಟಿಲ ಹತ್ತಿರ ಕೂತಿದ್ದರು. ಅಷ್ಟೊತ್ತಿಗೆ ಹೊರಗೆ ಗಾಡಿಯ ಸದ್ದು. ಹೆಂಗಸರು ಬಾಗಿಲಿಗೆ ಓಡಿದರು.

"ಹೆಸರ ಹೇಳಿ ಒಳಗ ಬರ್ರಿ!"

ಈಗ ಹಾರ್ನಿನ ಕಡೆ ಹೋಗುತ್ತಾರೆ ಎಂದು ಎಲ್ಲರೂ ನಗುತ್ತ ಕಾದರು. ಮಾಮಾ ಹೋಗಲಿಲ್ಲ. ಹೊಸ್ತಿಲ ಹೊರಗೆ ನಿಂತು, ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ಸಾಲಿಯಲ್ಲಿ ಪದ್ಯ ಒಪ್ಪಿಸುವವರಂತೆ ಹೇಳಿದರು:

"ಇಂಡಿ ಸಂತ್ಯಾಗ ತಂದೇನಿ ಲಿಂಬಿಹಣ್ಣ ಮೂರು,
ಹಾರ್ನ್ ಬಿಟ್ಟ ಬಾಯಿಲೆ ಹೇಳ್ತೇನಿ, ಕಸ್ತೂರಿ ನನ್ನಾಕಿ ಹೆಸರು."

ಹೆಂಗಸರು ಹೋ ಎಂದರು. ತೊಟ್ಟಿಲ ಹತ್ತಿರದಿಂದ ಅತ್ತೆ, "ಯಾಕ ನಗಾಕತ್ತೀರಿ? ಏನಂದ್ರು?" ಎಂದು ಎಲ್ಲರ ಮುಖ ನೋಡತೊಡಗಿದರು. ಮಾಮಾ ಇನ್ನೊಮ್ಮೆ ಹೇಳಿದರು, ಜೋರಾಗಿ. ಮತ್ತೊಮ್ಮೆ ಹೇಳಿದರು, ಗಂಟಲು ಹರಿಯುವ ಹಾಗೆ. ಟೇಲರ್ ಅಂಗಡಿಯಿಂದ ಎದ್ದು ಬಂದ. ಅತ್ತೆಯ ಹೆಸರು ಕಸ್ತೂರಿ ಎಂದು ಅವತ್ತು ಇಡೀ ಓಣಿಗೆ ಗೊತ್ತಾಯಿತು. ಅತ್ತೆಗೊಬ್ಬರಿಗೆ ಕೇಳಲಿಲ್ಲ.

ಯಾರೋ ಹಿರಿಯಾಕೆ, "ಕಿವ್ಯಾಗ ಹೇಳೋ ತಮ್ಮಾ, ಕುರ್ರ್ ಅಂತ" ಎಂದಳು. ಯಾರೂ ನಗಲಿಲ್ಲ. ಮಾಮಾ ಒಳಗೆ ಬಂದರು. ಅಷ್ಟು ಮಂದಿಯ ಮುಂದೆ ಬಗ್ಗಿ, ಅತ್ತೆಯ ಕಿವಿಗೆ ಬಾಯಿ ಹಚ್ಚಿ ಏನೋ ಅಂದರು. ಗುದ್ದಲು ಹೆಂಗಸರ ಕೈ ಏಳಲಿಲ್ಲ. ನಾನೇ ಮೆಲ್ಲಗೆ ಅವರ ಬೆನ್ನ ಮೇಲೆ ಕೈ ಇಟ್ಟೆ.

ಮಂದಿಯೆಲ್ಲ ಹೋದ ಮೇಲೆ ಅತ್ತೆಯ ಮುಂದೆ ಕೂತು, ಕಿವಿ ಮುಟ್ಟಿ ತೋರಿಸಿ, ಮಾಮಾ ನಿಮ್ಮ ಹೆಸರು ಹೇಳಿದ್ದು ಕೇಳಿತೇ ಎಂದು ಕೈಸನ್ನೆ ಮಾಡಿದೆ.

"ಇಲ್ಲವಾ, ಹೆಸರ ಕೇಳಲಿಲ್ಲ" ಎಂದರು ಅತ್ತೆ. "ಉಸರ ಬಡೀತು, ಬೆಚ್ಚಗ." ಕಿವಿಯ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ನನ್ನ ಕಡೆ ಬಗ್ಗಿ, ಹೊರಗೆ ಕೂತ ಮಾಮಾನಿಗೆ ಕೇಳಬಾರದೆಂಬಂತೆ ದನಿ ತಗ್ಗಿಸಿ ಕೇಳಿದರು.

"ಚಂದ ಹೇಳಿದ್ರೇನ?"