ಎಲ್ಡನ್ ಪಾಸಾಗಲೇಬೇಕು

ಎಲ್ಡನ್ ಮಕ್ವಾರಿ ಬೆಳಿಗ್ಗೆ ಲಿಫ್ಟಿನಲ್ಲಿ ಬಾಯಿ ಬಿಟ್ಟದ್ದೇ ತಪ್ಪಾಯಿತು. ಪಕ್ಕದ ಮನೆಯಾಕೆ ವರ್ನಾ "ಏನ್ರೀ, ಮುಖ ಯಾಕೆ ಬಾಡಿದೆ?" ಎಂದರು. ಚಳಿಯ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಕೆನಡಾದಲ್ಲಿ ಅದಕ್ಕೇನೂ ಬರವಿಲ್ಲ. ಅದು ಬಿಟ್ಟು, "ಎಂಬತ್ತು ತುಂಬಿತಲ್ಲ, ಡ್ರೈವಿಂಗ್ ಲೈಸೆನ್ಸ್ ಉಳಿಸ್ಕೊಳ್ಳೋಕೆ ಮಧ್ಯಾಹ್ನ ಮತ್ತೆ ಪರೀಕ್ಷೆ" ಎಂದುಬಿಟ್ಟರು.

ಲೈಸೆನ್ಸ್ ಹೋದರೆ ಸರೋವರವೂ ಹೋದಂತೆ. ಶನಿವಾರ ಬಂತೆಂದರೆ ಪಿಕಪ್ಪಿನ ಹಿಂದೆ ದೋಣಿ ಕಟ್ಟಿಕೊಂಡು ಹೋಗಿ, ನೀರಿನ ನಡುವೆ ಗಾಳ ಬಿಟ್ಟು, ಕತ್ತಲಾಗುವವರೆಗೆ ಯಾರ ಮಾತಿಗೂ ಉತ್ತರ ಕೊಡದೆ ಕೂರುವುದು ಎಲ್ಡನ್‌ಗೆ ಉಳಿದಿದ್ದ ಒಂದೇ ಸುಖ. ಈ ಅಪಾರ್ಟ್‌ಮೆಂಟಿನಲ್ಲಿ ಅಂಥದಕ್ಕೆ ಜಾಗವಿರಲಿಲ್ಲ.

"ನಿಯಮದ ಪುಸ್ತಕ ನಾಲ್ಕು ಸಲ ಓದಿದೀನಿ," ಎಂದರು, ಕಂಕುಳಲ್ಲಿದ್ದ ಪುಸ್ತಕ ತೋರಿಸಿ ಧೈರ್ಯ ತಂದುಕೊಂಡು.

ವರ್ನಾ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. "ಓದಿದ್ದು ನೆಂಟರಿದ್ದ ಹಾಗೆ ಕಣ್ರೀ, ಕಾಫಿ ಕುಡಿದು ಎದ್ದು ಹೋಗುತ್ತೆ. ಯಾರಾದ್ರೂ ಕೇಳಿದಾಗ ತಲೆ ಕೆರ್ಕೊಂಡು ಹೊರಗೆಳೀತೀವಲ್ಲ, ಅದೊಂದೇ ಉಳಿಯೋದು. ಎಲ್ಲಿ, ಪುಸ್ತಕ ಕೊಡಿ. ಸ್ಕೂಲ್ ಬಸ್ ಕೆಂಪು ದೀಪ ಮಿಣುಕಿಸ್ತಾ ನಿಂತಿದೆ. ಅದರ ಹಿಂದೆ ಎಷ್ಟು ದೂರದಲ್ಲಿ ನಿಲ್ಲಿಸ್ತೀರಿ?"

ಎಲ್ಡನ್ ಬಾಯಿ ತೆರೆದರು. ಆಗ ತಾನೇ ಓದಿದ್ದು, ಒದ್ದೆ ಸೋಪಿನ ಹಾಗೆ ಜಾರಿಹೋಗಿತ್ತು.

"ನೋಡಿದ್ರಾ! ಇಪ್ಪತ್ತು ಮೀಟರ್."

ಅದನ್ನೇ ತಿರುಗಿಸಿ ಮುರುಗಿಸಿ ಕೇಳಿದರು. ಉತ್ತರ ತಡವರಿಸದೆ ಬರುವವರೆಗೆ ಲಿಫ್ಟಿನಿಂದ ಇಳಿಯಲು ಬಿಡಲಿಲ್ಲ. ಎಲ್ಡನ್ ಮೂರು ಸಲ ಮೇಲೆ ಹೋಗಿ ಕೆಳಗೆ ಬಂದರು.

ಸುದ್ದಿ ಕೆಳಮಹಡಿಯ ಕ್ಲೈವ್‌ಗೆ ಮುಟ್ಟಲು ಎಷ್ಟು ಹೊತ್ತು? ಎಲ್ಡನ್ ಕಟ್ಟಡದವರೆಲ್ಲ ಬಟ್ಟೆ ಒಗೆಯುವ ಕೋಣೆಯಲ್ಲಿ ಬಗ್ಗಿ ವಾಷಿಂಗ್ ಮಷೀನಿಗೆ ಕಾಲುಚೀಲ ತುಂಬುತ್ತಿದ್ದಾಗ ಹಿಂದಿನಿಂದ ಗುಡುಗಿದಂತಾಯಿತು. "ಹಳದಿ ದೀಪ! ಏನ್ ಮಾಡ್ತೀಯ?"

ಎಲ್ಡನ್ ತಲೆ ಮುಚ್ಚಳಕ್ಕೆ ಬಡಿಯಿತು. "ನಿ... ನಿಲ್ಲಿಸ್ತೀನಿ!"

"ಶಭಾಷ್! ಮೈಮರೆತಿದ್ದಾಗ ಕೇಳಿದ್ರೇನೇ ಗಟ್ಟಿ ಆಗೋದು ಮಾರಾಯ."

"ಗಟ್ಟಿ ಆಗೋಕ್ಕೆ ಮುಂಚೆ ನಾನಿರಬೇಕಲ್ಲೋ!"

ಊಟದ ಹೊತ್ತಿಗೆ ಇಬ್ಬರೂ ಎಲ್ಡನ್‌ರ ಅಡುಗೆಮನೆಯಲ್ಲೇ ಠಿಕಾಣಿ ಹೂಡಿದ್ದರು. "ಗಡಿಯಾರದ ಚಿತ್ರ ಬರೀರಿ," ಎಂದರು ವರ್ನಾ. "ಹನ್ನೊಂದು ಗಂಟೆ ಹತ್ತು ನಿಮಿಷ. ತಲೆ ನೆಟ್ಟಗಿದೆಯಾ ಅಂತ ನೋಡೋಕೆ ಪರೀಕ್ಷೇಲಿ ಅದನ್ನ ಬರೆಸೇ ಬರೆಸ್ತಾರೆ." ಕೈಗೆ ಪೆನ್ನು ಸಿಗದೆ ಎಲ್ಡನ್ ಸ್ಯಾಂಡ್‌ವಿಚ್ಚಿನ ಮೇಲೆ ಸಾಸಿವೆ ಸಾಸಿನಲ್ಲೇ ಬರೆದರು. ಕ್ಲೈವ್ ಕನ್ನಡಕ ಏರಿಸಿ ಪರಿಶೀಲಿಸಿ, "ಮುಳ್ಳು ಸರಿಯಾಗಿದೆ" ಎಂದು ಗಡಿಯಾರವನ್ನು ತಿಂದುಬಿಟ್ಟರು.

ಗಡ್ಡ ಹೆರೆಯುವಾಗಲೂ ಬಚ್ಚಲ ಬಾಗಿಲು ದಡಬಡ. "ನಾಲ್ಕು ದಾರಿ ಕೂಡೋ ಕಡೆ ಇಬ್ಬರು ಒಟ್ಟಿಗೆ ಬಂದ್ರೆ ಯಾರು ಮೊದಲು?" "ಬಲಗಡೆಯವರು!" ಎಂದು ಕೂಗಿದ ರಭಸಕ್ಕೆ ಬಲಗೆನ್ನೆ ಕೊಯ್ದುಹೋಯಿತು. ಅರ್ಧ ಗಡ್ಡದಲ್ಲೇ ಪಿಕಪ್ ಹತ್ತಿ ಪರೀಕ್ಷೆಗೆ ಓಡಿದರು.

ಕೌಂಟರಿನ ಹುಡುಗಿ ನಗುತ್ತಾ, "ನಿಮ್ಮ ಹೆಸರು ಸರ್?" ಎಂದಳು.

"ಇಪ್ಪತ್ತು ಮೀಟರ್!"

ಅದೊಂದನ್ನು ಬಿಟ್ಟರೆ ಮಿಕ್ಕದ್ದೆಲ್ಲ ಸರಿಯಾಯಿತು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಾಯಿಗೆ ಬರುತ್ತಿತ್ತು. ಗಡಿಯಾರವನ್ನಂತೂ ಕಣ್ಣು ಮುಚ್ಚಿ ಬರೆದರು. ಪರೀಕ್ಷಕಿ ಕೈಕುಲುಕಿ, "ನಿಮ್ಮ ವಯಸ್ಸಲ್ಲಿ ಇಷ್ಟು ಚೆನ್ನಾಗಿ ಉತ್ತರ ಕೊಟ್ಟವರನ್ನ ನಾನು ನೋಡಿಲ್ಲ" ಎಂದರು.

ಎಲ್ಡನ್ ತೇಲುತ್ತಾ ಹೊರಬಂದರು. ಇನ್ನು ಶನಿವಾರ ಸರೋವರ ಖಂಡಿತ. ಮೀನಿಗೆ ಬಾಯಿದ್ದರೂ ಪ್ರಶ್ನೆ ಕೇಳುವುದಿಲ್ಲ, ಎಷ್ಟು ಸಭ್ಯ ಪ್ರಾಣಿ!

ಪಿಕಪ್ಪಿನ ಮುಂದಿನ ಸೀಟಿನಲ್ಲಿ ಒತ್ತೊತ್ತಾಗಿ ಕೂತಿದ್ದವರು ವರ್ನಾ ಮತ್ತು ಕ್ಲೈವ್.

"ಪಾಸಾ?"

"ಪಾಸು. ನೀವು ಹೇಗೆ ಇಲ್ಲಿ..."

"ಬಸ್ಸಲ್ಲಿ ಬಂದ್ವಿ," ಎಂದರು ವರ್ನಾ, ಕೈಚೀಲವನ್ನು ತೊಡೆಯ ಮೇಲೆ ಭದ್ರಪಡಿಸಿಕೊಳ್ಳುತ್ತಾ. "ಇವತ್ತಿಗೆ ಬಸ್ಸಿನ ಸಹವಾಸ ಮುಗೀತು. ನಾನು ಹೋದ ವರ್ಷ ಡುಮ್ಕಿ, ಇವರು ಈ ವರ್ಷ. ಇಬ್ರೂ ಬರೀ ಓದ್ಕೊಂಡು ಹೋಗಿದ್ವಿ ನೋಡಿ."

"ಬಿಲ್ಡಿಂಗಲ್ಲಿ ಒಬ್ಬನಾದ್ರೂ ಪಾಸಾಗಬೇಕಿತ್ತು ಮಾರಾಯ," ಎಂದರು ಕ್ಲೈವ್. "ಇವತ್ತು ಬಿಂಗೋ ಆಟಕ್ಕೆ ಬಿಡು. ನಾಳೆ ವರ್ನಾ ತಲೆಗೂದಲು ಕತ್ತರಿಸೋ ಅಂಗಡಿ, ನಾಳಿದ್ದು ನನ್ನ ಮಂಡಿ ಡಾಕ್ಟ್ರು."

ಎಲ್ಡನ್ ಕುಸಿದು ಕೂತು ಕೀಲಿ ತಿರುಗಿಸಿದರು. "ಶನಿವಾರ ಮಾತ್ರ ನಾನು ಸಿಗಲ್ಲ. ಸರೋವರಕ್ಕೆ ಹೋಗ್ತೀನಿ."

"ಗೊತ್ತು," ಎಂದರು ವರ್ನಾ. "ಇನ್ನೊಂದು ಪ್ರಶ್ನೆ. ನಿಮ್ಮ ದೋಣೀಲಿ ಎಷ್ಟು ಜನ ಹಿಡೀತಾರೆ?"

ಆ ದಿನ ಮೊದಲ ಸಲ ಎಲ್ಡನ್ ಬೇಕೆಂದೇ ತಪ್ಪು ಉತ್ತರ ಕೊಟ್ಟರು. "ಒಬ್ಬರು."

"ತಪ್ಪು. ಮೂವರು. ಬಸ್ ಹಿಡಿಯೋಕ್ಕೆ ಮುಂಚೆ ಪಾರ್ಕಿಂಗಲ್ಲಿ ಹತ್ತಿ ಕೂತು ನೋಡಿದೀವಿ."