ಗೋಳಿಬಜೆ ತಿಂದ ಬಾಯಿ

ಆ ಸಂಜೆ ನಮ್ಮ ನಾಟಕ ಇದ್ದ ಪಾಣೆಮಂಗಳೂರಿನ ಮದುವೆ ಹಾಲಿನಲ್ಲಿ ಯಾರೆಲ್ಲ ಇದ್ದರು ಎಂದು ಮೊದಲೇ ಹೇಳಿಬಿಡುತ್ತೇನೆ. ಎದುರಿನ ಸಾಲಿನಲ್ಲಿ ನನ್ನ ಅಕ್ಕ ಮತ್ತು ಬಾವ. ಅವರ ಹಿಂದೆ ನಮ್ಮ ನೆರೆಕರೆಯವರು, ದುಬೈಯಿಂದ ರಜೆಯಲ್ಲಿ ಬಂದಿದ್ದ ಬಾವನ ತಮ್ಮ, ಮಾರ್ಕೆಟಿನಲ್ಲಿ ಅಂಗಡಿ ಇರುವ ನಾಲ್ಕೈದು ಮಂದಿ, ಮತ್ತು ಯಾರ ಮದುವೆ ಎಂದು ವಿಚಾರಿಸದೆ ಒಳಗೆ ಬಂದು ಕುಳಿತ ಇಬ್ಬರು. ಹಿಂದಿನ ಅಡುಗೆ ಕೋಣೆಯಲ್ಲಿ ಬಾಣಲೆಯ ಎದುರು ನನ್ನ ಹೆಂಡತಿ ಜಲಜ. ಪರದೆಯ ಸಂದಿಯಲ್ಲಿ ಅಕ್ಕನ ಮಗಳು ಸುಷ್ಮಾ. ಹೊರಗೆ ಹೋಗಿ ನಾಟಕ ಕಲಿತು ಬಂದವಳು, ಈ ನಾಟಕದ ನಿರ್ದೇಶಕಿ. ಕೊನೆಯ ಸಾಲಿನಲ್ಲಿ ಕಂಬದ ಮರೆಗೆ ಕುರ್ಚಿ ಎಳೆದುಕೊಂಡು ನಾನು. ಹಾಡುಗಳನ್ನು ಬರೆದವನು ನಾನೇ ಆದ ಕಾರಣ ಜನ ಏನು ಹೇಳುತ್ತಾರೆಂದು ಕೇಳುವ ಆಸೆಯೂ ಇತ್ತು, ಕೇಳಿದ ಮೇಲೆ ಓಡುವುದಕ್ಕೆ ಬಾಗಿಲೂ ಹತ್ತಿರ ಬೇಕಿತ್ತು.

ನನಗೆ ಹೊಗಳಿಕೆ ಬೇಡ, ತಪ್ಪಿದ್ದರೆ ಹೇಳಿ ಎನ್ನುವವರನ್ನು ನೀವು ನಂಬಬಾರದು. ನಾನೂ ಹಾಗೆ ಹೇಳುವವನೇ, ಆದ್ದರಿಂದ ಅನುಭವದ ಮೇಲೆ ಹೇಳುತ್ತಿದ್ದೇನೆ. ಮೂವತ್ತು ವರ್ಷ ಪಂಚಾಯತಿನಲ್ಲಿ ಗುಮಾಸ್ತನಾಗಿದ್ದವ ನಾನು. ಆಕ್ಷೇಪಣೆಗಳಿದ್ದರೆ ಲಿಖಿತವಾಗಿ ಸಲ್ಲಿಸಬಹುದು ಎಂಬ ನೋಟೀಸನ್ನು ಎಷ್ಟು ಸಲ ಗೋಡೆಗೆ ಅಂಟಿಸಿದ್ದೇನೋ. ನಿಜವಾಗಿ ಯಾರಾದರೂ ಕಾಗದ ಹಿಡಿದು ಬಂದರೆ ಎದೆ ಧಸಕ್ಕೆನ್ನುತ್ತಿತ್ತು. ಕನ್ನಡಿ ತಾ ಎನ್ನುವವನಿಗೆ ಬೇಕಾದದ್ದು ಕನ್ನಡಿಯಲ್ಲ, ಚಂದ ಉಂಟು ಎನ್ನುವ ಬಾಯಿ ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆಡುತ್ತಿದ್ದದ್ದು ತುಳು. ಆದರೂ ನನ್ನ ಮಾತಿನಲ್ಲಿ ಅರ್ಧ ಆ ಅಜ್ಜಿಯದ್ದು. ಉಳಿದರ್ಧ ಏಳನೇ ಕ್ಲಾಸಿನಲ್ಲಿ ಕನ್ನಡ ಕಲಿಸಿದ ಜಿನರಾಜ ಮಾಸ್ತರದ್ದು. ನನ್ನದು ಎನ್ನುವುದು ಏನಾದರೂ ಇದ್ದರೆ ಅದು ಉದ್ದ ಮಾತ್ರ.

ಆ ಉದ್ದದಿಂದಲೇ ತಾಪತ್ರಯ ಶುರುವಾದದ್ದು. ನಾಟಕದ ಹೆಸರು ದೂಮಣ್ಣನ ದೋಣಿ. ನೇತ್ರಾವತಿಗೆ ಸೇತುವೆ ಇಲ್ಲದ ಕಾಲದಲ್ಲಿ ಜನರನ್ನು ದಾಟಿಸುತ್ತಿದ್ದ ಅಂಬಿಗನೊಬ್ಬನ ಕಥೆ. ಮಾತಿಗಿಂತ ಹಾಡು ಹೆಚ್ಚು, ನಡುನಡುವೆ ಕುಣಿತ, ಹಾರ್ಮೋನಿಯಂ ಒಂದು ಕಡೆ, ಕೀಬೋರ್ಡ್ ಇನ್ನೊಂದು ಕಡೆ. ಎರಡನೇ ಭಾಗದಲ್ಲಿ ಸೇತುವೆ ಕಟ್ಟಿ ಮುಗಿಯುತ್ತದೆ, ಮೊದಲ ಬಸ್ಸು ದಾಟಿ ಹೋಗುತ್ತದೆ, ದೂಮಣ್ಣ ಒಬ್ಬನೇ ನಿಂತು ದೋಣಿಯ ಹಗ್ಗ ಬಿಚ್ಚುತ್ತಾ ಅದಕ್ಕೆ ವಿದಾಯ ಹಾಡುತ್ತಾನೆ. ಆ ವಿದಾಯಕ್ಕೆ ನಾನು ಒಂಬತ್ತು ಚರಣ ಬರೆದಿದ್ದೆ. ಒಂದು ಚರಣ ದೋಣಿಯ ಮರ ಬೆಳೆದ ಕಾಡಿಗೆ, ಒಂದು ಅದನ್ನು ಕೆತ್ತಿದ ಆಚಾರಿಗೆ, ಒಂದು ದೋಣಿಗೇ, ಒಂದು ಹುಟ್ಟಿಗೆ, ಮುಂದೆಲ್ಲೋ ಒಂದು ಮೀನುಗಳಿಗೆ, ಹೀಗೆ ಯಾರಿಗೂ ಬೇಸರವಾಗದ ಹಾಗೆ. ಹಾಡಿ ಮುಗಿಸಲು ಹನ್ನೊಂದು ನಿಮಿಷ ಬೇಕು. ಸುಷ್ಮಾ ಗಡಿಯಾರ ಹಿಡಿದು ನೋಡಿ, ಒಂದೆರಡು ಚರಣ ಸಾಕು ಎಂದಳು. ಚರಣಗಳೆಂದರೆ ದೋಣಿಯ ಹಲಗೆಗಳ ಹಾಗೆ, ಒಂದು ತೆಗೆದರೂ ನೀರು ಒಳಗೆ ಬರುತ್ತದೆ ಎಂದು ನಾನು ವಿವರಿಸಿದೆ.

"ಒಂಬತ್ತೂ ಇಟ್ಟರೆ ಜನ ಹೊರಗೆ ಹೋಗ್ತಾರೆ ಮಾವ" ಎಂದಳು.

ಕೊನೆಗೆ ಅಕ್ಕ ನಡುವೆ ಬಂದು ಒಂದು ಒಪ್ಪಂದ ಮಾಡಿಸಿದಳು. ಮೂಡಬಿದಿರೆಯ ಮೊದಲ ಪ್ರದರ್ಶನಕ್ಕಿಂತ ಮುಂಚೆ ಪಾಣೆಮಂಗಳೂರು, ಸಿದ್ಧಕಟ್ಟೆ, ಬೆಳ್ತಂಗಡಿ, ಮೂರು ಕಡೆ ಪರೀಕ್ಷೆಗೆ ಆಡಿ ನೋಡುವುದು. ನೋಡಿದವರು ಚೀಟಿಯಲ್ಲಿ ಅಭಿಪ್ರಾಯ ಬರೆಯುವುದು. ಬೆಳ್ತಂಗಡಿಯ ಚೀಟಿಗಳು ಏನು ಹೇಳುತ್ತವೋ ಅದೇ ಕೊನೆಯ ತೀರ್ಪು. ಹಾಡು ಉಳಿದರೆ ಒಂಬತ್ತೂ ಉಳಿಯಬೇಕು, ಹೋದರೆ ನಾನು ತುಟಿ ಬಿಚ್ಚಬಾರದು. ಚೀಟಿಯ ನಮೂನೆ ತಯಾರಿಸಿದ್ದು ನಾನೇ, ಹಳೆಯ ಅಭ್ಯಾಸ. ನಾಲ್ಕು ಪ್ರಶ್ನೆ: ಮೆಚ್ಚಿದ್ದೇನು, ಮೆಚ್ಚದಿದ್ದದ್ದೇನು, ತೆಗೆಯಬೇಕಾದದ್ದೇನು, ಇತರೆ.

ಪಾಣೆಮಂಗಳೂರಿನಲ್ಲಿ ನಾಟಕಕ್ಕೆ ಮೊದಲು ಎಲ್ಲರಿಗೂ ಜಲಜ ಕೈಯಾರೆ ಕರಿದ ಗೋಳಿಬಜೆ, ಚಟ್ನಿ, ಕಾಫಿ. ಇದನ್ನು ಲಂಚ ಎಂದು ಯಾರೂ ತಿಳಿಯಬಾರದು. ಕರೆದವರಿಗೆ ಏನೂ ಕೊಡದೆ ಕೂರಿಸುವ ಕ್ರಮ ನಮ್ಮಲ್ಲಿಲ್ಲ. ಮೈದಾಕ್ಕೆ ಹುಳಿ ಮೊಸರು ಕಲಸಿ ಅವಳು ಬಿಡುವ ಗೋಳಿಬಜೆ ಹೊರಗೆ ಗರಿ, ಒಳಗೆ ಹತ್ತಿ. ನಾಟಕ ಮುಗಿದು ಚೀಟಿ ಓದಿದರೆ ನನ್ನ ಕಣ್ಣು ತುಂಬಿತು. ಮೆಚ್ಚಿದ್ದು: ಎಲ್ಲವೂ ಲಾಯಿಕ್. ಮೆಚ್ಚದಿದ್ದದ್ದು: ಹಾಗೆ ಏನೂ ಇಲ್ಲ. ತೆಗೆಯಬೇಕಾದದ್ದು: ಏನೂ ಬೇಡ. ಒಬ್ಬರು ಮಾತ್ರ ಇತರೆ ಎಂಬಲ್ಲಿ ಚಟ್ನಿಗೆ ಖಾರ ಸ್ವಲ್ಪ ಮುಂದೆ ಎಂದು ಬರೆದಿದ್ದರು. ನಾನು ಚೀಟಿಗಳನ್ನು ಸುಷ್ಮಾಳ ಎದುರು ಇಸ್ಪೀಟಿನ ಎಲೆಗಳ ಹಾಗೆ ಹರಡಿದೆ. ಅವಳು ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಕಾಗದದ ಆಚೆ ಬದಿಯ ಬಲ್ಬು ಕಾಣುತ್ತಿತ್ತು, ಅಷ್ಟು ಎಣ್ಣೆ.

"ಇದು ಗೋಳಿಬಜೆ ತಿಂದ ಬಾಯಿ ಮಾವ. ಇದರಲ್ಲಿ ನಿಜ ಬರುವುದಿಲ್ಲ."

ಅವಳು ಹೇಳಿದ್ದು ಸುಳ್ಳೆನ್ನಲು ನನಗೆ ಧೈರ್ಯ ಬರಲಿಲ್ಲ. ಉಂಡ ಮನೆಯ ಜಂತಿ ಎಣಿಸಬಾರದು ಎಂಬ ಮಾತನ್ನು ನಮ್ಮ ಊರಿನವರಷ್ಟು ಕಟ್ಟುನಿಟ್ಟಾಗಿ ಪಾಲಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ನನ್ನ ಅಜ್ಜ ಚಿಕ್ಕಮ್ಮನಿಗೆ ಗಂಡು ನೋಡಲು ಚಾರ್ಮಾಡಿಗೆ ಹೋಗಿದ್ದರಂತೆ. ಈ ಸಂಬಂಧ ಬೇಡ ಎಂದು ಅಂಗಳ ಮೆಟ್ಟುವಾಗಲೇ ನಿಶ್ಚಯ ಮಾಡಿದ್ದರು. ಆದರೆ ಬಿಸಿಲು, ಬಾಯಾರಿಕೆ. ಕೊಟ್ಟ ಮಜ್ಜಿಗೆಯನ್ನು ಕುಡಿದುಬಿಟ್ಟರು. ಕುಡಿದ ಮೇಲೆ ಬೇಡ ಎನ್ನಲು ನಾಲಿಗೆ ಏಳಲಿಲ್ಲ. ಚಿಕ್ಕಪ್ಪ ಒಳ್ಳೆಯವರೇ, ಆ ಮಾತು ಬೇರೆ. ಚಿಕ್ಕಮ್ಮ ಮಾತ್ರ ಇವತ್ತಿಗೂ ಮಜ್ಜಿಗೆ ಮುಟ್ಟುವುದಿಲ್ಲ.

ಹಾಗಾಗಿ ಸಿದ್ಧಕಟ್ಟೆಯ ಶಾಲೆಯಲ್ಲಿ ಆಡುವಾಗ ಸುಷ್ಮಾ ತಿಂಡಿಯನ್ನೇ ನಿಷೇಧಿಸಿದಳು. ನೀರು ಬೇಕಾದವರಿಗೆ ಶಾಲೆಯ ನಳ್ಳಿ ಉಂಟು ಎಂದು ಬೋರ್ಡು. ಜಲಜಳನ್ನು ಮನೆಯಲ್ಲೇ ಬಿಟ್ಟು ಬಂದೆವು. ಬಂದ ಜನ ಒಳಗೆ ಕುಳಿತು ಒಂದೆರಡು ಸಲ ಹಿಂದೆ ತಿರುಗಿ ನೋಡಿದರು. ಅಡುಗೆ ಕೋಣೆಯ ಕಡೆಯಿಂದ ಪರಿಮಳ ಬಾರದಿರುವುದನ್ನು ಕಂಡು ಬೆನ್ನು ನೆಟ್ಟಗೆ ಮಾಡಿ ಕೂತರು. ಆ ಬೆನ್ನುಗಳನ್ನು ನೋಡಿದಾಗಲೇ ನನಗೆ ಸೂಚನೆ ಸಿಗಬೇಕಿತ್ತು. ಅಂದಿನ ಚೀಟಿಗಳಲ್ಲಿ ಎಣ್ಣೆಯ ಕಲೆ ಒಂದೂ ಇರಲಿಲ್ಲ, ದಯೆಯೂ ಇರಲಿಲ್ಲ. ಸೇತುವೆ ಮುಗಿಯಿತು, ಹಾಡು ಮುಗಿಯಲಿಲ್ಲ ಎಂದು ಒಬ್ಬರು. ದೋಣಿಯವನಿಗೆ ಸೇತುವೆಯಲ್ಲೇ ಒಂದು ಕೆಲಸ ಕೊಟ್ಟು ಸುಮ್ಮನಿರಿಸಬಹುದಿತ್ತು ಎಂದು ಇನ್ನೊಬ್ಬರು. ಮೂರನೆಯದು ಒಬ್ಬ ಹೆಂಗಸಿನದ್ದು, ಅದರಲ್ಲಿ ದ್ವೇಷವಿರಲಿಲ್ಲ, ಬರೀ ಮಾಹಿತಿ: ಅವನು ಹಾಡಲು ಶುರು ಮಾಡಿದಾಗ ಎದ್ದು ಹೋಗಿ ಮನೆಯಿಂದ ಹಾಲು ತಂದು ಡೈರಿಗೆ ಹಾಕಿ ಬಂದೆ, ಆಗ ಮೀನುಗಳಿಗೆ ಹಾಡುತ್ತಿದ್ದ. ಮೀನು ಎಂದರೆ ಏಳನೇ ಚರಣ. ಸುಷ್ಮಾ ಇದನ್ನು ನನ್ನಿಂದಲೇ ಎರಡು ಸಲ ಗಟ್ಟಿಯಾಗಿ ಓದಿಸಿದಳು. ಹಸಿದ ಹೊಟ್ಟೆಯವರ ಮಾತಿಗೆ ಅಷ್ಟು ಬೆಲೆ ಕೊಡಬಾರದು ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ಉಳಿದದ್ದು ಬೆಳ್ತಂಗಡಿ ಒಂದೇ. ನಾನು ಈಗ ಹೇಳುವುದನ್ನು ಸುಷ್ಮಾ ಇನ್ನೂ ಕ್ಷಮಿಸಿಲ್ಲ. ಆಟದ ಹಿಂದಿನ ದಿನ ಅಡುಗೆ ಮನೆಗೆ ಹೋಗಿ, ಪಾತ್ರೆ ಒರೆಸಿ ಕೊಟ್ಟು, ತೆಂಗಿನಕಾಯಿ ತುರಿದು, ನಿಧಾನಕ್ಕೆ ವಿಷಯ ಎತ್ತಿದೆ. ಗೋಳಿಬಜೆ ಈ ಸಲ ಮೊದಲಿಗೆ ಬೇಡ. ಮಧ್ಯಂತರದಲ್ಲಿ, ದೂಮಣ್ಣನ ಹಾಡಿಗೆ ಸರಿಯಾಗಿ ಮೊದಲು, ಬಿಸಿಬಿಸಿ. ಜಲಜ ತುರಿಮಣೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ನಿಮ್ಮ ಹಾಡು ಗಟ್ಟಿ ಇದ್ದರೆ ನನ್ನ ಎಣ್ಣೆ ಯಾಕೆ?" ಎಂದಳು. ಆದರೂ ಮೊಸರು ಹುಳಿ ಬರಲಿಕ್ಕೆ ಇಟ್ಟಳು.

ಬೆಳ್ತಂಗಡಿಯ ಆಟ ಸಂಜೆ ಐದೂವರೆಗೆ. ಮಧ್ಯಂತರಕ್ಕೆ ಪರದೆ ಬಿದ್ದದ್ದೇ ತಡ, ಹಿಂದಿನ ಬಾಗಿಲಿನಿಂದ ತಟ್ಟೆಗಳು ಹೊರಟವು. ಸುಷ್ಮಾ ವೇದಿಕೆಯ ಹಿಂದೆ ಯಾರದೋ ಮುಂಡಾಸು ಸರಿ ಮಾಡುತ್ತಿದ್ದಳು; ಪರಿಮಳ ಅವಳ ಮೂಗಿಗೆ ತಲುಪುವಾಗ ಮೊದಲ ನಾಲ್ಕು ಸಾಲು ತಿಂದಾಗಿತ್ತು. ನಾನೂ ಒಂದು ತಟ್ಟೆ ಹಿಡಿದು ಹೊರಟವ ಆರನೇ ಸಾಲಿನಲ್ಲಿ ನಿಂತುಬಿಟ್ಟೆ. ಅಲ್ಲಿ ಜಿನರಾಜ ಮಾಸ್ತರು ಕುಳಿತಿದ್ದರು. ಈಗ ಮೂಡಬಿದಿರೆಯಲ್ಲಿರುವವರು, ಬೆಳ್ತಂಗಡಿಯ ಮಗಳ ಮನೆಗೆ ಬಂದಿದ್ದರಂತೆ, ಹಳೆಯ ಶಿಷ್ಯನ ಹೆಸರು ಬೋರ್ಡಿನಲ್ಲಿ ನೋಡಿ ಬಂದರಂತೆ. ಅದೇ ಬಿಳಿ ಅಂಗಿ, ಜೇಬಿನಲ್ಲಿ ಅದೇ ಪೆನ್ನು. ಕಾಲು ಮುಟ್ಟಿ ನಮಸ್ಕಾರ ಮಾಡಿ ತಟ್ಟೆ ಮುಂದೆ ಹಿಡಿದೆ.

ಮಾಸ್ತರು ಕಿಟಕಿಯ ಕಡೆ ಕಣ್ಣೆತ್ತಿದರು. ಹೊರಗೆ ಬೀದಿ ದೀಪ ಹತ್ತಿತ್ತು. "ಹೊತ್ತು ಮುಳುಗಿತಲ್ಲ ಮಾರಾಯ" ಎಂದು ನಕ್ಕರು.

ಮರೆತೇ ಹೋಗಿತ್ತು. ಮಾಸ್ತರು ಜೈನರು, ಸೂರ್ಯ ಮುಳುಗಿದ ಮೇಲೆ ಏನೂ ತಿನ್ನುವವರಲ್ಲ. ಶಾಲೆಯ ವಾರ್ಷಿಕೋತ್ಸವದ ದಿನ ಅವರೊಬ್ಬರಿಗೆ ಮಾತ್ರ ಐದೂವರೆಗೆ ಎಲೆ ಹಾಕಿ ಬಡಿಸುತ್ತಿದ್ದವನು ನಾನೇ. ತಟ್ಟೆ ಹಿಡಿದುಕೊಂಡು ಹಿಂದೆ ಬರುವಾಗ ಲೆಕ್ಕ ಹಾಕಿದೆ. ಇಡೀ ಹಾಲಿನಲ್ಲಿ ಗೋಳಿಬಜೆ ಬೀಳದ ಬಾಯಿ ಒಂದೇ ಒಂದು, ಅದೂ ನನ್ನ ಉತ್ತರ ಪತ್ರಿಕೆಗಳನ್ನು ತಿದ್ದಿದ ಬಾಯಿ.

ದೂಮಣ್ಣ ಒಂಬತ್ತು ಚರಣವನ್ನೂ ಹಾಡಿದ. ಯಾರೂ ಎದ್ದು ಹೋಗಲಿಲ್ಲ, ಎದ್ದು ಹೋಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಚೀಟಿ ಸಂಗ್ರಹಿಸುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೆ. ಮಾಸ್ತರ ಚೀಟಿ ನಾಲ್ಕು ಮಡಿಕೆಯಾಗಿ ಕೈಗೆ ಬಂತು. ಉಳಿದವುಗಳನ್ನು ಸುಷ್ಮಾಳ ಮೇಜಿನ ಮೇಲೆ ಇಟ್ಟೆ. ಅದೊಂದು ಹೇಗೋ ನನ್ನ ಅಂಗಿಯ ಜೇಬಿಗೆ ಹೋಯಿತು. ಹೇಗೋ ಎನ್ನುವುದು ಸರಿಯಲ್ಲ, ನಾನೇ ಹಾಕಿದೆ. ಸುಷ್ಮಾ ಒಂದೊಂದೇ ಓದಿದಳು: ಲಾಯಿಕ್, ಲಾಯಿಕ್, ಬಹಳ ಲಾಯಿಕ್, ತೆಗೆಯಬೇಕಾದದ್ದು ಇಲ್ಲ. ಮೂಗಿಗೆ ಎಣ್ಣೆಯ ವಾಸನೆ ಬಡಿಯುತ್ತಿದ್ದರೂ ಹುಡುಗಿ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಆಯಿತು ಮಾವ, ಒಂಬತ್ತೂ ಇರಲಿ ಎಂದು ಪೆನ್ನು ಕೆಳಗಿಡುವಷ್ಟರಲ್ಲಿ ಮಾಸ್ತರು ಕೋಲು ಊರಿಕೊಂಡು ವೇದಿಕೆಯ ಹಿಂದೆ ಬಂದರು. ನನ್ನ ಚೀಟಿ ಓದಿದಿರಾ ಎಂದು ವಿಚಾರಿಸಿದರು.

ಅರುವತ್ತು ದಾಟಿದವ ನಾನು. ನಕಲು ಹೊಡೆದು ಸಿಕ್ಕಿಬಿದ್ದ ಹುಡುಗನ ಹಾಗೆ ಜೇಬಿನಿಂದ ಚೀಟಿ ತೆಗೆದು ಕೊಟ್ಟೆ. ಸುಷ್ಮಾ ಬಿಡಿಸಿ ಓದಿದಳು, ಅಕ್ಷರ ಮುತ್ತಿನ ಹಾಗೆ: ಮೂರನೇ ಚರಣ ಬಹಳ ಚೆನ್ನಾಗಿದೆ. ಉಳಿದ ಎಂಟು, ಆ ಮೂರನೆಯದನ್ನು ನಂಬದವನು ಬರೆದದ್ದು.

"ಏಳನೇ ಕ್ಲಾಸಿನಲ್ಲಿಯೂ ನೀನು ಹೀಗೇ" ಎಂದರು ಮಾಸ್ತರು. "ಉತ್ತರ ಒಂದು ಸಾಲು. ಅದನ್ನು ಸರಿಯಾಗಿಯೇ ಬರೆದು, ಸಾಕಾಗಲಿಲ್ಲವೋ ಏನೋ ಎಂದು ಹೆದರಿ ಇಡೀ ಪಾಠ ಬರೆದುಬಿಡುತ್ತಿದ್ದೆ."

ಸುಷ್ಮಾ ನನ್ನನ್ನು ಗದರಬಹುದಿತ್ತು, ಗದರಲಿಲ್ಲ. ಅದು ಇನ್ನೂ ಕಷ್ಟ. ಚೀಟಿಗಳ ರಾಶಿಯನ್ನು ಬದಿಗೆ ಸರಿಸಿ, ಏನು ಮಾಡುವ ಎಂದು ನನ್ನನ್ನೇ ಕೇಳಿದಳು. ನಾನು ಹಾಡಿನ ಪುಸ್ತಕ ಎಳೆದುಕೊಂಡು ಎಂಟು ಚರಣಗಳ ಮೇಲೆ ನಾನೇ ಗೀಟು ಎಳೆದೆ. ಮೀನುಗಳ ಮೇಲೆ ಎಲ್ಲಕ್ಕಿಂತ ಕೊನೆಗೆ ಎಳೆದೆ.

ಮನೆಗೆ ಬರುವ ದಾರಿಯಲ್ಲಿ ಜಲಜಳನ್ನು ಕೇಳಿದೆ, ಹಾಡು ಉದ್ದ ಎಂದು ನೀನಾದರೂ ಹೇಳಬಹುದಿತ್ತಲ್ಲ ಎಂದು. ಅವಳು ಕಾರಿನ ಕಿಟಕಿಯ ಗಾಜು ಏರಿಸಿದಳು. "ಇಷ್ಟು ವರ್ಷ ನಿಮ್ಮ ಮನೆಯ ಅನ್ನ ತಿಂದಿದ್ದೇನೆ, ಹೇಗೆ ಹೇಳುವುದು?"

ಮೂಡಬಿದಿರೆಯಲ್ಲಿ ಮೊದಲ ಪ್ರದರ್ಶನ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ. ಹಾಲು ತುಂಬಿತ್ತು. ಪ್ರೇಕ್ಷಕರಿಗೆ ತಿಂಡಿ ಇಲ್ಲ, ಚೀಟಿಯೂ ಇಲ್ಲ. ಎರಡನೇ ಭಾಗದಲ್ಲಿ ಬಸ್ಸು ದಾಟಿ ಹೋಯಿತು, ದೂಮಣ್ಣ ಹಗ್ಗ ಬಿಚ್ಚಿದ, ಕೀಬೋರ್ಡ್ ಸುಮ್ಮನಾಯಿತು.

ಊರನೆಲ್ಲ ದಾಟಿಸಿದೆವು ನಾನು ನೀನು ಸೇರಿ;
ಯಾರು ನಮ್ಮ ದಾಟಿಸುವರು ಸಂಜೆ ಹೊತ್ತು ಮೀರಿ?

ಇಂಥ ನಾಲ್ಕೇ ಸಾಲು. ನನ್ನ ಮುಂದಿನ ಸಾಲಿನಲ್ಲಿ ಒಬ್ಬರು ಮೂಗು ಒರೆಸಿಕೊಂಡರು. ಶೀತವೂ ಇರಬಹುದು. ಹಾಡು ನಿಜವಾಗಿ ಹೇಗಾಯಿತೆಂದು ಹೇಳಬಲ್ಲವರು ಮಾಸ್ತರು ಒಬ್ಬರೇ, ಅವರು ಎರಡನೇ ಸಾಲಿನಲ್ಲಿ ಕುಳಿತಿದ್ದರು.

ಆಟ ಮುಗಿಯುವಾಗ ಐದೂಕಾಲು. ಮಾಸ್ತರು ವೇದಿಕೆಯ ಹಿಂದೆ ಬಂದರು. ಅವರನ್ನು ಕಂಡ ಸಂತೋಷದಲ್ಲಿ, ಕಲಾವಿದರಿಗೆಂದು ಜಲಜ ತಂದಿದ್ದ ಡಬ್ಬಿಯನ್ನೇ ತೆಗೆದು ಅವರ ಮುಂದೆ ಹಿಡಿದೆ. ಮಾಸ್ತರು ಬಾಗಿಲಿನಾಚೆ ನೋಡಿದರು. ಬಿಸಿಲು ಇನ್ನೂ ಇತ್ತು. ಒಂದು ಗೋಳಿಬಜೆ ತಿಂದರು, ಇನ್ನೊಂದು ತಿಂದರು, ಮೂರನೆಯದನ್ನೂ ತಿಂದು ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡರು. ಆಮೇಲೆ ನಾನು ಕೇಳಿದೆ, ಹಾಡು ಹೇಗಾಯಿತು ಮಾಸ್ತರೇ ಎಂದು.

"ಲಾಯಿಕಾಗಿತ್ತು ಮಾರಾಯ" ಎಂದರು. "ಎಲ್ಲವೂ ಲಾಯಿಕಾಗಿತ್ತು."

ಜಲಜ ನನ್ನ ಮುಖ ನೋಡಿ ಡಬ್ಬಿಯ ಮುಚ್ಚಳ ಹಾಕಿದಳು.