ಎಡಗಡೆ ಹೊಟ್ಟೆ ಬಂದ ಬೈಕು

ಗಂಡ ಹೆಂಡತಿ ಮನಸ್ಸು ಬಿಚ್ಚಿ ಮಾತಾಡಬೇಕು ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ಎಲ್ಲಿ ಕೂತು ಮಾತಾಡಬೇಕು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಆಳಂದದ ನಮ್ಮ ಮನೆಯಲ್ಲಿ ಅಡುಗೆಮನೆಗೂ ಅತ್ತೆಯವರ ಮಂಚಕ್ಕೂ ನಡುವೆ ಇರುವುದು ಒಂದು ಪರದೆ. ಅತ್ತೆಗೆ ಕಣ್ಣು ಸ್ವಲ್ಪ ಮಂದ, ಕಿವಿ ಅಲ್ಲ. ಮನೆಯ ಇನ್ನೊಂದು ಮಗ್ಗುಲಿಗೆ ಯಜಮಾನರ ವರ್ಕ್‌ಶಾಪು. ಅವರು ಕೂಲರ್ ತಯಾರಿಸುತ್ತಾರೆ. ಬೇಸಿಗೆ ಬಂದರೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆಯ ಜನ ಅವರ ತಗಡಿನ ಡಬ್ಬಿಗಳ ಮುಂದೆ ಅಂಗಿ ಬಿಚ್ಚಿ ಮಲಗುತ್ತಾರೆ. ವರ್ಕ್‌ಶಾಪಿನಲ್ಲಿ ತಗಡು ಬಡಿಯುವ ಸದ್ದಿಗೆ ಯಾರು ಏನು ಹೇಳಿದರೂ ಕೇಳಿಸುವುದಿಲ್ಲ. ಹೀಗೆ ಒಂದು ಕಡೆ ಎಲ್ಲವೂ ಕೇಳಿಸುವ, ಇನ್ನೊಂದು ಕಡೆ ಏನೂ ಕೇಳಿಸದ ಮನೆಯಲ್ಲಿ ನನಗೆ ಮಾತಾಡಲು ಉಳಿದ ಜಾಗವೆಂದರೆ ಯಜಮಾನರ ಬೈಕಿನ ಹಿಂದಿನ ಸೀಟು.

ನಾನು ಕಲಬುರಗಿಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಹುಡುಗಿಯ ದನಿ ಪಕ್ಕದ ಬೆಂಚಿಗೆ ಕೇಳಿಸಬಾರದು ಎಂದು ಸಿಸ್ಟರ್‌ಗಳು ಕಲಿಸಿದರು. ಚೆನ್ನಾಗಿಯೇ ಕಲಿಸಿದರು ಅನ್ನಬೇಕು, ಬೈಕಿನ ಮೇಲೆ ಅದು ಮುಂದಿನ ಸೀಟಿಗೂ ಹೋಗುವುದಿಲ್ಲ. ಮೊದಮೊದಲು ಇದು ಕೊರತೆ ಅನ್ನಿಸುತ್ತಿತ್ತು. ಆಮೇಲೆ ಇದರ ಅನುಕೂಲ ತಿಳಿಯಿತು. ನಾನು ಒಂದೇ ಕಡೆ ಕಾಲು ಇಳಿಬಿಟ್ಟು ಕೂತು, ಸೆರಗು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ನನಗೆ ಬೇಕಾದದ್ದನ್ನು ಮೆತ್ತಗೆ ಹೇಳುತ್ತೇನೆ. ಗಾಳಿ ಅದನ್ನು ಎತ್ತಿಕೊಂಡು ಹೋಗಿ ತೊಗರಿ ಹೊಲದಲ್ಲಿ ಹಾಕುತ್ತದೆ. ಹಿಂದೆ ಏನೋ ಸದ್ದಾಯಿತಲ್ಲ ಎಂದು ಯಜಮಾನರು "ಹೂಂ" ಅನ್ನುತ್ತಾರೆ. ನಮ್ಮ ಮನೆಗೆ ಮಿಕ್ಸರ್ ಬಂದದ್ದು ಅಫಜಲಪುರದ ರಸ್ತೆಯಲ್ಲಿ ಸಿಕ್ಕ ಹೂಂನಿಂದ. ಅಡುಗೆಮನೆಯ ಟೈಲ್ಸು, ಭೀಮಾ ನದಿಯ ಸೇತುವೆಯ ಮೇಲಿನ ಹೂಂ. ಮನೆಗೆ ಬಂದು "ಹೂಂ ಅಂದಿದ್ರಲ್ರೀ" ಎಂದರೆ ಅವರು ಒಂದು ಗಳಿಗೆ ಮೇಲೆ ನೋಡಿ, "ಅಂದೇನಿ ಅಂದಮ್ಯಾಗ ಮುಗೀತು" ಅನ್ನುತ್ತಾರೆ. ಮಾತಿಗೆ ತಪ್ಪದ ಮನುಷ್ಯ.

ಆಚೆ ವರ್ಷ ಎಳ್ಳ ಅಮಾವಾಸ್ಯೆಗೆ ನನ್ನ ತವರುಮನೆ ಇಜೇರಿಗೆ ಹೋಗುವಾಗ ನಾನು ಇದುವರೆಗಿನ ಹೂಂಗಳಲ್ಲೇ ದೊಡ್ಡದನ್ನು ಪಡೆದೆ. ಮನೆಯ ಪಡಸಾಲೆಯಲ್ಲಿ ಓಣಿಯ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳಿಕೊಡಬೇಕು ಎಂದು ನನಗೆ ಮದುವೆಯಾದಾಗಿನಿಂದ ಆಸೆ. ಕಲಿತದ್ದು ಇಷ್ಟೊಂದು, ಬಳಸುವುದು ಔಷಧಿ ಬಾಟಲಿಯ ಮೇಲಿನದನ್ನು ಅತ್ತೆಗೆ ಓದಿ ಹೇಳಲಿಕ್ಕೆ ಮಾತ್ರ ಎಂದರೆ ಯಾರಿಗಾದರೂ ಬೇಜಾರಾಗುತ್ತದೆ. ಜೇವರ್ಗಿ ದಾಟುವಾಗ ಇದನ್ನೆಲ್ಲ ಹೇಳಿದೆ. "ಹೂಂ" ಅಂದರು. ಶಾಲೆ ಶುರುವಾಗುವ ಜೂನ್‌ನಲ್ಲಿ ಈ ಹೂಂ ಹೊರಗೆ ತೆಗೆಯೋಣ ಎಂದು ಜೋಪಾನ ಮಾಡಿ ಇಟ್ಟುಕೊಂಡೆ.

ಜೂನ್‌ನಲ್ಲಿ ಮಳೆ ಬಂತು, ಕೂಲರ್ ಸೀಜನ್ ಮುಗಿಯಿತು. ಒಂದು ಬೆಳಿಗ್ಗೆ ಕಸ ಗುಡಿಸಲು ಹೋದರೆ ಪಡಸಾಲೆಯಲ್ಲಿ ನಾಲ್ಕು ಕೂಲರ್‌ಗಳು ಒಂದರ ಮೇಲೊಂದು, ಒಂದರ ಪಕ್ಕ ಒಂದು ಕೂತಿದ್ದವು. ಅವುಗಳ ಮುಂದೆ ಹೆಣ್ಣು ನೋಡಲು ಬಂದವರ ಎದುರು ಹುಡುಗಿಯನ್ನು ಕೂರಿಸಿದ ಹಾಗೆ ಯಜಮಾನರ ಹಳೆಯ ಬೈಕು, ಮೈಮೇಲಿನ ಪ್ಲಾಸ್ಟಿಕ್ಕೆಲ್ಲ ಬಿಚ್ಚಿಕೊಂಡು.

"ಏನ್ರಿ ಇದು?"

"ವಿಂಡ್ ಟನಲ್. ಗಾಳಿ ಹ್ಯಾಂಗ ಹೋಗ್ತದ ಅಂತ ನೋಡೋದು. ನಾ ಒಂದು ಬೈಕ್ ಮಾಡಾಕತ್ತೇನಿ. ಏರೋಡೈನಾಮಿಕ್. ಸ್ಪೋರ್ಟ್ಸ್ ಟೂರಿಂಗ್."

"ಪಡಸಾಲ್ಯಾಗ?"

"ನಿನ್ನ ಕೇಳೇ ಇಟ್ಟೇನಲ್ಲ. ಹೋದ ವರ್ಷ. ನೀನೇ ಹೂಂ ಅಂದಿ."

ಮದುವೆಯಾದಾಗಿನಿಂದ ಅವರು ಹೇಳಿದ ಮೊದಲನೆಯ ಸುಳ್ಳು ಇದು ಎಂದುಕೊಂಡೆ. ಸಿಟ್ಟು ಬಂತು. ಆದರೆ ನನ್ನ ಕಡೆಯ ಹೂಂ ತೆಗೆದು ಎದುರಿಗಿಡುವ ಧೈರ್ಯ ಆಗಲಿಲ್ಲ. ಅದು ಎಂಥ ಹೂಂ ಎಂದು ನನಗೆ ಗೊತ್ತಿತ್ತಲ್ಲ. ಮುಂದಿನ ಎಳ್ಳ ಅಮಾವಾಸ್ಯೆಗೆ ಅದೇ ರಸ್ತೆಯಲ್ಲಿ ಹೊಸದೊಂದು ಪಡೆದರಾಯಿತು ಎಂದು ಕಸಬರಿಗೆ ಎತ್ತಿಕೊಂಡು ಒಳಗೆ ಬಂದೆ.

ಬೈಕು ಯಾಕೆ ಎಂಬುದನ್ನು ಅವರು ಅತ್ತೆಗೆ ವಿವರಿಸುತ್ತಿದ್ದರು. ವರ್ಷವಿಡೀ ಮೂರು ತಾಲ್ಲೂಕು ಸುತ್ತಿ ಕೂಲರ್ ರಿಪೇರಿ ಮಾಡುವವರು. ಎದೆಗೆ ಗಾಳಿ ಬಡಿದು ಬಡಿದು ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. "ಜೋರಾಗಿ ಓಡಬೇಕು, ದೂರ ಹೋಗಬೇಕು, ಮೈ ನೋಯಬಾರದು. ಮೂರೂ ಕೂಡೇ ಇರಬೇಕು ಯವ್ವಾ."

"ದೂರ ಅಂದ್ರ ಎಲ್ಲೀಮಟ?"

"ಜೇವರ್ಗಿಮಟ."

"ಅಲ್ಲಿಗಿ ಬಸ್ಸ ಅದಲ್ಲೋ," ಎಂದು ಅತ್ತೆ ಮಗ್ಗುಲು ಬದಲಿಸಿದರು.

ದೊಡ್ಡ ಕಂಪನಿಗಳಲ್ಲಿ ಬೈಕಿನ ಆಕಾರವನ್ನು ಮೊದಲು ಜೇಡಿಮಣ್ಣಿನಲ್ಲಿ ಮಾಡಿ ನೋಡುತ್ತಾರಂತೆ. ನಮ್ಮಲ್ಲಿ ಮಣ್ಣಿಗೇನು ಕಡಿಮೆ. ಯಜಮಾನರು ಹೊಲದಿಂದ ಎರೆಮಣ್ಣು ತಂದು, ನಾದಿ, ಬೈಕಿನ ಮೂತಿಗೆ ಮೆತ್ತಿದರು. ಅದು ಒಣಗಿತು, ಒಣಗಿದ ಎರೆಮಣ್ಣು ಏನು ಮಾಡುತ್ತದೋ ಅದನ್ನೇ ಮಾಡಿತು. ಕೈ ಹೋಗುವಷ್ಟು ಬಿರುಕು. ಮತ್ತೆ ಮಣ್ಣು ತುಂಬಿದರು, ಮತ್ತೆ ಬಿರಿಯಿತು. ಹೀಗಿರುವಾಗ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅತ್ತೆ ಕೈಯಾರೆ ಮಾಡಿದ ಎತ್ತುಗಳನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟು ಪೂಜೆ ಮಾಡಿದವರು, ಪಡಸಾಲೆಗೆ ಬಂದು ಎರಡು ಕೊಂಬಿನಂಥ ಹ್ಯಾಂಡಲ್ ಇದ್ದ ಇದಕ್ಕೂ ಕುಂಕುಮ ಹಚ್ಚಿ, ಹಸಿ ಮಣ್ಣಿನ ಮೂತಿಯ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು, ಹೋಳಿಗೆ ಎಡೆ ಹಿಡಿದರು. ಅದು ಬೈಕೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. "ಎತ್ತಿನಕಿಂತ ನೀ ಇದಕ್ಕೇ ಹೆಚ್ಚು ಮೈ ತೊಳೀತಿ, ಇದಕ್ಕ ಪೂಜಿ ಬ್ಯಾಡೇನು?" ಎಂದು ಮಗನಿಗೆ ಅಂದರು. ಯಜಮಾನರಿಗೆ ಮೂತಿಯನ್ನು ಇನ್ನೂ ಅರ್ಧ ಗೇಣು ಕೆತ್ತಬೇಕಿತ್ತು. "ಪೂಜಿ ಆದದ್ದಕ್ಕ ಚಾಕು ಹಚ್ಚೀ ಅಂದ್ರ ನೋಡು ಮತ್ತ," ಎಂದರು ಅತ್ತೆ. ಅಲ್ಲಿಗೆ ವಿನ್ಯಾಸ ಅಂತಿಮವಾಯಿತು. ಆ ಮಣ್ಣಿನಿಂದಲೇ ಅಚ್ಚು ತೆಗೆದು ಫೈಬರ್ ಎರಕ ಹೊಯ್ದರು. ಮೂರು ಬೆರಳಿನ ಗೆರೆ ಮೂತಿಯ ಮೇಲೆ ಹಾಗೇ ಮೂಡಿದೆ. ಆ ಗೆರೆಗಳಿಂದಲೇ ಗಾಳಿ ಹೆಚ್ಚು ಚಲೋ ಹರಿಯುತ್ತದೆ ಎಂದು ಈಗ ಯಜಮಾನರು ಹೇಳುತ್ತಾರೆ.

ಮುಂದಿನದು ಗಾಳಿಯ ಪರೀಕ್ಷೆ. ಕೂಲರ್‌ಗಳಿಗೆ ನೀರು ಹಾಕದೆ ಫ್ಯಾನ್ ಮಾತ್ರ ಬಿಟ್ಟು, ಗಾಳಿ ನೆಟ್ಟಗೆ ಬರಲೆಂದು ಜೇನುಗೂಡಿನಂಥ ಪ್ಯಾಡುಗಳನ್ನು ಮುಂದಿಟ್ಟು, ಲೋಬಾನದ ಹೊಗೆ ಹಾಕುತ್ತಿದ್ದರು. ಬೈಕಿನ ಮೈಗೆಲ್ಲ ಉಲ್ಲನ್ ದಾರದ ತುಂಡು ಅಂಟಿಸುವುದು. ದಾರ ಸುಮ್ಮನೆ ಮಲಗಿದರೆ ಗಾಳಿ ಸರಿಯಾಗಿ ಹೋಗುತ್ತಿದೆ ಎಂದರ್ಥ, ಕುಣಿದರೆ ಅಲ್ಲೇನೋ ತೊಡಕು. ದಾರ ನನ್ನ ಹೆಣಿಗೆ ಬುಟ್ಟಿಯದು. ನೋಡುವ ಕೆಲಸವೂ ನನ್ನ ಪಾಲಿಗೆ ಬಂತು, ಯಾಕೆಂದರೆ ಸಣ್ಣಪುಟ್ಟದ್ದು ನನ್ನ ಕಣ್ಣಿಗೆ ಬೀಳುತ್ತದೆ. ನನಗೆ ಆಕ್ಷೇಪಣೆ ಇದ್ದದ್ದು ಹೌದಾದರೂ, ಕೊಟ್ಟ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವ ಚಾಳಿ ಬಿಡಬೇಕಲ್ಲ. ಒಂದು ದಿನ, ಬೈಕ್ ಮೇಲೆ ಕೂತ ಯಜಮಾನರ ಕಿವಿಯ ಹಿಂದೆ ಅಂಟಿಸಿದ ಹಳದಿ ದಾರ ಹುಚ್ಚೆದ್ದು ಕುಣಿಯುವುದು ಕಂಡಿತು. "ಮುಂದಿನ ಪ್ಲಾಸ್ಟಿಕ್ ಗಾಜು ಗಿಡ್ಡ ಆಗ್ಯಾದ್ರಿ, ಎರಡು ಬೆರಳು ಎತ್ತರ ಮಾಡ್ರಿ," ಎಂದೆ. ಮಾಡಿದರು. ದಾರ ಮಲಗಿತು. "ಇನ್ನ ಕಿವಿ ಹತ್ರ ಗಾಳಿ ಸದ್ದು ಏನೂ ಬರಂಗಿಲ್ಲ. ಹಿಂದ ಸೂಜಿ ಬಿದ್ರೂ ಕೇಳಿಸ್ತದ," ಎಂದು ಅವರು ನನ್ನ ಬೆನ್ನು ತಟ್ಟಿದರು. ನಾನು ಏನು ಮಾಡಿಕೊಂಡೆ ಎಂದು ನನಗೆ ಹೊಳೆದದ್ದು ಆಗ. ಹಿಂದೆ ಬೀಳುವುದು ಸೂಜಿಯಲ್ಲ, ನನ್ನ ಪಡಸಾಲೆಯ ಮಾತು. ಕೇಳಿಸಿದರೆ ಅವರು ಯೋಚನೆ ಮಾಡುತ್ತಾರೆ. ಯೋಚನೆ ಮಾಡಿದ ಗಂಡಸು ಹೂಂ ಅಂದದ್ದನ್ನು ನಾನಂತೂ ಕಂಡಿಲ್ಲ.

ಇಷ್ಟಾದರೂ ಗಾಳಿಗೆ ಒಂದು ದೊಡ್ಡ ತೊಡಕು ಉಳಿದಿತ್ತು. ಅದು ನಾನು. ಒಂದೇ ಕಡೆ ಕಾಲು ಬಿಟ್ಟು ಕೂರುವವರನ್ನು ಲೆಕ್ಕಕ್ಕೆ ಹಿಡಿದು ಲೋಕದ ಯಾವ ಕಂಪನಿಯೂ ಇಂಥ ಬೈಕು ಮಾಡಿಲ್ಲವಂತೆ. ಆದ್ದರಿಂದ ನನ್ನನ್ನು ಹಿಂದಿನ ಸೀಟಿನ ಮೇಲೆ ಕೂರಿಸಿ, ಸೀರೆಗೆ, ಸೆರಗಿಗೆ, ಹೆರಳಿಗೆ ಕೆಂಪು ಹಳದಿ ದಾರ ಅಂಟಿಸಿ, ಹೊಗೆ ಬಿಟ್ಟರು. ಸರಿಯಾಗಿ ಆ ಹೊತ್ತಿಗೆ ಎದುರುಮನೆಯ ಶಾಂತಕ್ಕ ಬಸುರಿ ಮಗಳ ಕುಪ್ಪಸದ ಕಾರ್ಯಕ್ಕೆ ಕರೆಯಲು ಬಂದರು. ಲೋಬಾನದ ಹೊಗೆಯ ನಡುವೆ ಮೈತುಂಬ ದಾರ ಕಟ್ಟಿಕೊಂಡು, ಕಣ್ಣುಮುಚ್ಚಿ, ಅಲುಗಾಡದೆ ಕೂತ ನನ್ನನ್ನು ನೋಡಿ ಬಾಗಿಲಲ್ಲೇ ನಿಂತು ಅತ್ತೆಯನ್ನು ಕೇಳಿದರು.

"ಯಾವಾಗಿಂದ್ರಿ ಕಾಕು ಆಕಿಗಿ?"

"ಮಳಿಗಾಲದಾಗ ಸುರು ಆಗ್ಯಾದಬೇ."

"ಕಡಿಮಿ ಆಗ್ತದಂತೇನ್ರಿ?"

"ಅಂವಾ ಆಗ್ತದ ಅಂತಾನ. ನೋಡಬೇಕು."

ಮರುದಿನ ಶಾಂತಕ್ಕ ಒಂದು ಲಿಂಬೆಹಣ್ಣು ಮತ್ತು ಮಂತ್ರಿಸಿದ ಕರಿದಾರ ಕಳಿಸಿದರು. ಲಿಂಬೆಹಣ್ಣು ಚಿತ್ರಾನ್ನಕ್ಕೆ ಆಯಿತು. ದಾರವನ್ನು ಯಜಮಾನರು ನನ್ನ ಎಡ ಭುಜಕ್ಕೆ ಅಂಟಿಸಿದರು; ಅಲ್ಲಿಗೆ ಒಂದು ಕಡಿಮೆ ಬಿದ್ದಿತ್ತು. ಕೊನೆಗೆ ನನ್ನ ಕಾಲುಗಳನ್ನು ಗಾಳಿಯಿಂದ ಮರೆಮಾಡಲು ಬೈಕಿನ ಎಡಗಡೆಗೆ ಮಾತ್ರ ಕೂಲರ್ ತಗಡಿನಲ್ಲಿ ಗುಂಡಗೆ ಒಂದು ಹೊಟ್ಟೆ ಕೂರಿಸಿದರು. ಬಣ್ಣವೂ ವರ್ಕ್‌ಶಾಪಿನಲ್ಲಿ ಉಳಿದಿದ್ದ ಕೂಲರ್ ಬಣ್ಣವೇ.

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಪರೀಕ್ಷಾ ಪ್ರಯಾಣ. ಆಳಂದದಿಂದ ಅಫಜಲಪುರ, ಅಲ್ಲಿಂದ ಜೇವರ್ಗಿ, ಅಲ್ಲಿಂದ ಇಜೇರಿ; ಸುತ್ತು ದಾರಿ, ಆದರೆ ಟೂರಿಂಗ್ ಎಂದಮೇಲೆ ನೆಟ್ಟಗೆ ಹೋಗುವಂತಿಲ್ಲ. ಹೊಲದಲ್ಲಿ ಚೆಲ್ಲುವ ಚರಗಕ್ಕೆಂದು ಮಾಡಿದ ಸಜ್ಜೆ ರೊಟ್ಟಿಯ ಗಂಟನ್ನು ಯಜಮಾನರು ಹೊಟ್ಟೆಯೊಳಗೆ ಇಡಲು ಹೇಳಿದರು. ಚೆನ್ನಾಗಿ ಹಿಡಿಯಿತು. ಅಫಜಲಪುರದಲ್ಲಿ ಚಹಾಕ್ಕೆ ನಿಂತಾಗ ಒಬ್ಬ ಹಿರಿಯರು ಬೈಕಿನ ಸುತ್ತ ಒಂದು ಸುತ್ತು ಬಂದು, "ಸಾವ್ಕಾರ, ಇದಕ್ಕ ನೀರು ಎಲ್ಲಿ ಹಾಕ್ತೀರಿ?" ಎಂದು ಕೇಳಿದರು. ಯಜಮಾನರು ಚಹಾ ಅರ್ಧಕ್ಕೆ ಬಿಟ್ಟರು.

ಬೈಕು ಮಾತ್ರ, ಸುಳ್ಳು ಯಾಕೆ ಹೇಳಲಿ, ಸೊಗಸಾಗಿ ಓಡಿತು. ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳನ್ನು ದಾಟುವಾಗಲೂ ಸೆರಗು ಅಲುಗಲಿಲ್ಲ. ಆದರೆ ಎಂಥ ನಿಶ್ಶಬ್ದ! ನನ್ನ ಬಳೆಯ ಸದ್ದು ನನಗೇ ಕೇಳಿಸುತ್ತಿತ್ತು. ಜೇವರ್ಗಿ ಹತ್ತಿರ ಬಂತು. ಹೇಳದಿದ್ದರೆ ಇನ್ನೊಂದು ವರ್ಷ ಪಡಸಾಲೆಯಲ್ಲಿ ಹೊಗೆಯೇ. ಕಣ್ಣುಮುಚ್ಚಿ, "ಪಡಸಾಲ್ಯಾಗ ನಾ ಟ್ಯೂಷನ್ ಹೇಳಬೇಕಂತೇನಿ," ಎಂದೆ.

ಬೈಕು ನಿಂತಿತು. ಹೂಂ ಬರಲಿಲ್ಲ.

"ಟ್ಯೂಷನ್ನ? ಇಷ್ಟು ದಿನ ಯಾಕ ಹೇಳಿಲ್ಲ ಮತ್ತ?"

"ಹೇಳೇನ್ರಿ. ಹೋದ ವರ್ಷ, ಇಲ್ಲೇ. ಹೂಂ ಅಂದ್ರಿ."

ಅವರು ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಮೆತ್ತಗೆ, "ನಾನೂ ಹೋದ ವರ್ಷ ಇಲ್ಲೇ ಕೇಳೇನಿ, ಪಡಸಾಲ್ಯಾಗ ಕೂಲರ್ ಇಡ್ಲೇನು ಅಂತ. ನೀ ಹೂಂ ಅಂದಿ," ಎಂದರು.

ಅಂದಿರಬೇಕು. ಮುಂದಿನ ಸೀಟಿನಲ್ಲಿ ಅವರ ತಲೆ ಅಲುಗಿದಾಗಲೆಲ್ಲ ನಾನು ಹೂಂ ಅನ್ನುವವಳೇ. ಏನೋ ಹೇಳುತ್ತಿದ್ದಾರಲ್ಲ ಎಂದು. ಇಷ್ಟು ವರ್ಷ ನಾನೊಬ್ಬಳೇ ಮಾತಾಡುತ್ತಿದ್ದೇನೆ ಎಂದುಕೊಂಡಿದ್ದೆ. ಮನೆಯಲ್ಲಿ ಇದ್ದಕ್ಕಿದ್ದಂತೆ ಬಂದ ಎರಡನೆಯ ವೆಲ್ಡಿಂಗ್ ಮಷೀನು, ಅಟ್ಟ ಹತ್ತಿದ ನನ್ನ ಹೊಲಿಗೆ ಯಂತ್ರ, ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಎಲ್ಲಕ್ಕೂ ನನ್ನನ್ನು ಕೇಳಿದ್ದರು.

ಸುಳ್ಳು ಹೇಳದ ಇಬ್ಬರು ರಸ್ತೆ ಬದಿಯಲ್ಲಿ ನಿಂತು ರಾಜಿಯಾದೆವು. ಬೆಳಿಗ್ಗೆ ಪಡಸಾಲೆ ಗಾಳಿಗೆ, ಸಂಜೆ ಇಂಗ್ಲಿಷಿಗೆ. ಕೂಲರ್‌ಗಳನ್ನು ದಿನಾ ಎತ್ತಿಡುವವರು ಯಾರು ಎಂದು ಅವೂ ಅಲ್ಲೇ ಉಳಿದವು. ಸೆಕೆ ಶುರುವಾದ ಮೇಲೆ ಅವಕ್ಕೆ ನೀರು ಹಾಕಿದೆವು. ಈಗ ನನ್ನ ಟ್ಯೂಷನ್ನಿಗೆ ಕೂರಲು ಜಾಗವಿಲ್ಲ. ಮಕ್ಕಳು ಹಾಳೆ ಹಾರದಂತೆ ಪುಸ್ತಕದ ಮೇಲೆ ಕಲ್ಲಿಟ್ಟುಕೊಂಡು ಓದುತ್ತಾರೆ. ಶಾಂತಕ್ಕ ದೊಡ್ಡ ಮೊಮ್ಮಗನನ್ನು ಬಿಡಲು ಬಂದವರು ಪಾಠ ಮುಗಿಯುವ ತನಕ ಏಳುವುದಿಲ್ಲ. ನನಗೆ ಪೂರ್ತಿ ಗುಣವಾಗಿದೆ ಎಂದು ಎಲ್ಲರಿಗೂ ಹೇಳುತ್ತಾರೆ.

ಆದರೆ ಇಜೇರಿಯಿಂದ ಮರಳಿ ಬರುವ ದಾರಿಯನ್ನು ನಾನು ಮರೆಯಲಾರೆ. ಹೇಳಿದ್ದೆಲ್ಲ ಕೇಳಿಸುತ್ತದೆ ಎಂದು ಇಬ್ಬರಿಗೂ ಗೊತ್ತಾಗಿತ್ತು. ಆದ್ದರಿಂದ ಇಬ್ಬರೂ ತುಟಿ ಬಿಚ್ಚಲಿಲ್ಲ. ಆಳಂದದ ತನಕ ಬಳೆಯ ಸದ್ದೊಂದೇ. ಮನೆಗೆ ಬಂದು ನಾನು, "ಆ ಗಾಜು ಎರಡು ಬೆರಳು ಕಡಿಮಿ ಇದ್ರ ನೋಡಾಕ ಚಂದ ರೀ," ಎಂದೆ. "ನನಗೂ ಹಂಗೇ ಅನಸ್ತು," ಎಂದು ಅವರು ಆಗಲೇ ಕೈಯಲ್ಲಿ ಹಿಡಿದಿದ್ದ ಗರಗಸ ತೋರಿಸಿದರು. ಕತ್ತರಿಸಿದ ಮೇಲೆ ಹಳದಿ ದಾರ ಮೊದಲಿನಂತೆ ಕುಣಿಯಿತು. ಇಬ್ಬರೂ ನೋಡಿದೆವು.

ಮೊನ್ನೆ ಅಫಜಲಪುರಕ್ಕೆ ಹೋಗಿದ್ದೆವು. ದಾರಿಯಲ್ಲಿ ನಾನು ಒಂದು ಮಾತು ಹೇಳಿದೆ, ಕರಿಹಲಗೆಯ ವಿಷಯ. ಅವರು ಹೂಂ ಅಂದರು. ಅವರೂ ಏನೋ ಹೇಳಿದರು. ಉದ್ದದ ಮಾತು, ನಡುವೆ ಒಂದು ಕೈ ಬಿಟ್ಟು ಗಾಳಿಯಲ್ಲಿ ಏನನ್ನೋ ಚೌಕವಾಗಿ ತೋರಿಸಿದರು. ನಾನು ಹೂಂ ಅಂದೆ. ಸಂಜೆ ರೊಟ್ಟಿ ಬಡಿಯಲು ಕೂತರೆ ಅವರು ಟೇಪು ಹಿಡಿದು ನನ್ನ ಅಡುಗೆಮನೆಯನ್ನು ಈ ಗೋಡೆಯಿಂದ ಆ ಗೋಡೆಗೆ ಅಳೆಯುತ್ತಿದ್ದರು.

"ಅಲ್ಲಿ ಏನೋ ಅಳ್ಯಾಕತ್ತಿ?" ಎಂದು ಪರದೆಯ ಆ ಕಡೆಯಿಂದ ಅತ್ತೆ ಕೇಳಿದರು.

"ಆಕೀನ್ನ ಕೇಳೇ ಅಳ್ಯಾಕತ್ತೇನಿ ಯವ್ವಾ."

"ಹೌದೇನಬೇ?" ಎಂದರು ಅತ್ತೆ ನನಗೆ.

ಹಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿದೆ. "ಹೂಂ," ಅಂದೆ.